ಟೇಪಿನ ಕೊಳೆ, ಗಿಟಾರಿನ ಕೊಳೆ

1981ರ ಮೇ 11ರ ರಾತ್ರಿ. ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದಲ್ಲಿ ಒಂದು ಹೆವಿ ಮೆಟಲ್ ಸಂಗೀತ ಕಛೇರಿ. ಹಾಡುತ್ತಿದ್ದವನು ಓಜಿ ಆಸ್ಬರ್ನ್. ಬ್ಲ್ಯಾಕ್ ಸಬತ್ ಎಂಬ ಹೆಸರಾಂತ ತಂಡ 1979ರಲ್ಲಿ ಹೊರಗೆ ಹಾಕಿದ ಮೇಲೆ ತನ್ನದೇ ತಂಡ ಕಟ್ಟಿಕೊಂಡಿದ್ದವನು. ಅವನ ಪಕ್ಕದಲ್ಲಿ ಸಣಕಲು ದೇಹದ, ಹೊಂಬಣ್ಣದ ಕೂದಲಿನ ಯುವಕನೊಬ್ಬ ಗಿಟಾರು ಹಿಡಿದು ನಿಂತಿದ್ದ. ಹೆಸರು ರ್‍ಯಾಂಡಿ ರೋಡ್ಸ್, ವಯಸ್ಸು 24. ಅಂದು ಆತ ಬಾರಿಸಿದ್ದೆಲ್ಲ ಟೇಪಿನ ಮೇಲೆ ದಾಖಲಾಗುತ್ತಿತ್ತು.

ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಆತ ಇರಲಿಲ್ಲ. 1982ರ ಮಾರ್ಚ್ 19ರ ಬೆಳಿಗ್ಗೆ ಫ್ಲಾರಿಡಾದ ಲೀಸ್‌ಬರ್ಗ್ ಎಂಬಲ್ಲಿ, ತಂಡದ ಬಸ್ಸಿನ ಚಾಲಕನೇ ಹಾರಿಸುತ್ತಿದ್ದ ಪುಟ್ಟ ವಿಮಾನದಲ್ಲಿ ರ್‍ಯಾಂಡಿ ಒಂದು ಸುತ್ತು ಹೊರಟ. ತಮಾಷೆಗೆಂದು ವಿಮಾನವನ್ನು ನಿಂತ ಬಸ್ಸಿನ ನೆತ್ತಿಯ ಮೇಲೆಯೇ ಹಾರಿಸಲಾಯಿತು. ರೆಕ್ಕೆ ಬಸ್ಸಿಗೆ ತಗಲಿತು. ವಿಮಾನದಲ್ಲಿದ್ದ ಮೂವರೂ ಸತ್ತರು. ರ್‍ಯಾಂಡಿಗೆ ಆಗ 25.

ಅವನಿಂದ ಹೆಸರಾದ ಸ್ಟುಡಿಯೋ ಧ್ವನಿಮುದ್ರಿಕೆಗಳು ಎರಡೇ ಎರಡು: 1980ರ 'ಬ್ಲಿಜರ್ಡ್ ಆಫ್ ಆಜ್' ಮತ್ತು 1981ರ 'ಡೈರಿ ಆಫ್ ಎ ಮ್ಯಾಡ್‌ಮನ್'. ಕ್ವಯೆಟ್ ರಯಟ್ ಎಂಬ ತಂಡದಲ್ಲಿ ಅದಕ್ಕೂ ಮುಂಚೆ ಮಾಡಿದ್ದನ್ನು ಬಿಟ್ಟರೆ, ಉಳಿದದ್ದು ಕೆಲವು ಕಛೇರಿಗಳ ಟೇಪುಗಳು. ಕ್ಲೀವ್‌ಲೆಂಡಿನ ಆ ರಾತ್ರಿಯ ಟೇಪು ಸುಮಾರು ಆರು ವರ್ಷ ಕಾದಿದ್ದು 1987ರಲ್ಲಿ 'ಟ್ರಿಬ್ಯೂಟ್' ಎಂಬ ಹೆಸರಿನಲ್ಲಿ ಹೊರಬಂತು. ಆಮೇಲೆ 1995ರಲ್ಲಿ, 2002ರಲ್ಲಿ ಅದನ್ನೇ ಮತ್ತೆ ಸಂಸ್ಕರಿಸಿ ಹೊರತಂದರು. ಪ್ರತಿ ಸಲವೂ 'ಮೊದಲಿಗಿಂತ ಉತ್ತಮ' ಎಂಬುದೇ ಆಕರ್ಷಣೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಾರಿಸಿದವನು ಇಲ್ಲ, ಆ ರಾತ್ರಿ ಮುಗಿದುಹೋಗಿದೆ, ಟೇಪು ಹಳೆಯದು. ಹಾಗಿರುವಾಗ ಉತ್ತಮವಾಗುವುದು ಏನು? ಎಲ್ಲಿಂದ ಬರುತ್ತದೆ ಆ ಉತ್ತಮ?

ಇದನ್ನು ತಿಳಿಯಲು ಮೊದಲು ಗಿಟಾರಿನಿಂದಲೇ ಆರಂಭಿಸಬೇಕು. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಫ್ಯಾರಡೆಯ ಪ್ರಯೋಗವನ್ನು ಓದಿರುತ್ತಾರೆ. ತಂತಿಸುರುಳಿಯ ಬಳಿ ಅಯಸ್ಕಾಂತವನ್ನು ಅಲ್ಲಾಡಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಈ ತತ್ತ್ವದ ಮೇಲೆಯೇ ವಿದ್ಯುತ್ ಗಿಟಾರು ನಿಂತಿದೆ. ಅದರ ತಂತಿಗಳು ಉಕ್ಕಿನವು. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲುತ್ತದೆ, ಸುರುಳಿಯಲ್ಲಿ ಅದೇ ಕಂಪನದ ವಿದ್ಯುತ್ ಮೂಡುತ್ತದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ವಿದ್ಯುತ್ತೂ 82 ಸಲ ಹಿಂದೆ ಮುಂದೆ ತೂಗುತ್ತದೆ.

ಈ ಅಲ್ಪ ವಿದ್ಯುತ್ತನ್ನು ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ಅದಕ್ಕೂ ಒಂದು ಮಿತಿ ಇದೆ. ಮಿತಿ ಮೀರಿ ಒತ್ತಾಯಿಸಿದರೆ ಅಲೆಯ ತುದಿಗಳನ್ನು ಅದು ಕತ್ತರಿಸಿಬಿಡುತ್ತದೆ. ದುಂಡನೆಯ ಗುಡ್ಡದ ನೆತ್ತಿಯನ್ನು ಗುದ್ದಲಿಯಿಂದ ಮಟ್ಟ ಮಾಡಿದಂತೆ. ಹೀಗೆ ನೆತ್ತಿ ಕಳೆದುಕೊಂಡ ಅಲೆಯಲ್ಲಿ ಮೊದಲಿರದ ಹೊಸ ಕಂಪನಗಳು ಹುಟ್ಟುತ್ತವೆ. 82ರ ಜೊತೆಗೆ ಅದರ ಮೂರರಷ್ಟು, ಐದರಷ್ಟು, ಏಳರಷ್ಟು. ಕಿವಿಗೆ ಅದು ಒರಟಾಗಿ, ಗರಗಸದಂತೆ ಕೇಳುತ್ತದೆ. ರೇಡಿಯೋದಲ್ಲಿ ವಾರ್ತೆ ಹೀಗೆ ಬಂದರೆ ರಿಪೇರಿಗೆ ಕೊಡುತ್ತೇವೆ. ಹೆವಿ ಮೆಟಲ್‌ನಲ್ಲಿ ಅದನ್ನು ಬೇಕೆಂದೇ ಮಾಡುತ್ತಾರೆ. 'ಇದೇನು ಸಂಗೀತವೋ, ಕಬ್ಬಿಣದ ಅಂಗಡಿಯೋ' ಎಂದು ಗೊಣಗುವ ತಂದೆತಾಯಂದಿರು ಒಂದು ಕ್ಷಣ ತಂಬೂರಿಯನ್ನು ನೆನೆಯಬಹುದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ದಾರದ ಎಳೆ ಸಿಕ್ಕಿಸುವುದು ಯಾತಕ್ಕೆ? ಬರಿಯ ಶುದ್ಧ ಕಂಪನ ಸಾಲದೆಂದು, ಝೇಂಕಾರ ಬೇಕೆಂದು. ದಾರ ತೆಗೆದುಹಾಕಿ 'ಶುಚಿ ಮಾಡಿದೆ' ಎಂದರೆ ಯಾವ ವಿದ್ವಾಂಸರು ಒಪ್ಪುತ್ತಾರೆ?

ಟೇಪು ಸಂಸ್ಕರಿಸುವವನ ಮೊದಲ ಕಷ್ಟ ಇದೇ. ಟೇಪಿನಲ್ಲಿ ಎರಡು ಬಗೆಯ ಕೊಳೆ ಇದೆ. ಒಂದು ಗಿಟಾರಿನವನು ತಾನೇ ಬಯಸಿ ಹಚ್ಚಿದ್ದು. ಇನ್ನೊಂದು ಟೇಪು, ತಂತಿ, ಯಂತ್ರಗಳಿಂದ ಅಂಟಿಕೊಂಡದ್ದು. ಎರಡನೆಯದನ್ನು ತೊಳೆಯಬೇಕು, ಮೊದಲನೆಯದು ಹೋಗಬಾರದು.

ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಗೆ ಅಂಟಿನಿಂದ ಹಿಡಿಸಿದ ಕಬ್ಬಿಣದ ಆಕ್ಸೈಡಿನ ನುಣುಪು ಪುಡಿ. ಆ ಒಂದೊಂದು ಕಣವೂ ಪುಟಾಣಿ ಅಯಸ್ಕಾಂತ. ಧ್ವನಿ ಮುದ್ರಿಸುವುದೆಂದರೆ ಇವುಗಳನ್ನು ಒಂದು ಕ್ರಮದಲ್ಲಿ ಕಾಂತಗೊಳಿಸುವುದು. ಏನೂ ಮುದ್ರಿಸದ ಕಡೆಯೂ ಕಣಗಳು ಅಡ್ಡಾದಿಡ್ಡಿಯಾಗಿ ಇದ್ದೇ ಇರುತ್ತವಲ್ಲ, ಅವುಗಳಿಂದ ಬರುವುದೇ 'ಸ್ಸ್' ಎಂಬ ಸದ್ದು. ಕ್ಯಾಸೆಟ್ ಕೇಳಿ ಬೆಳೆದ ತಲೆಮಾರಿಗೆ ಇದು ಚಿರಪರಿಚಿತ. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ ಎರಡು ಅಂಗುಲಕ್ಕಿಂತ ಕಡಿಮೆ ಓಡುತ್ತದೆ. ಆ ಕಾಲದ ವೃತ್ತಿಪರ ಯಂತ್ರಗಳಲ್ಲಿ ಎರಡು ಅಂಗುಲ ಅಗಲದ ಟೇಪು 15 ಅಥವಾ 30 ಅಂಗುಲ ವೇಗದಲ್ಲಿ ಓಡುತ್ತಿತ್ತು. ಹೆಚ್ಚು ಪುಡಿ ಹೆಚ್ಚು ಧ್ವನಿಯನ್ನು ಹೊರುತ್ತದೆ, ಹಾಗಾಗಿ ಸದ್ದು ತಗ್ಗುತ್ತದೆ. ತಗ್ಗುತ್ತದೆ ಅಷ್ಟೆ, ಹೋಗುವುದಿಲ್ಲ.

ಟೇಪಿಗೂ ಮುಪ್ಪು ಬರುತ್ತದೆ. 1970ರ ದಶಕದ ನಡುವಿನಿಂದ ತಯಾರಾದ ಕೆಲವು ಬಗೆಯ ಟೇಪುಗಳಲ್ಲಿ ಪುಡಿ ಹಿಡಿದಿಡುವ ಅಂಟು ವರ್ಷಗಳು ಕಳೆದಂತೆ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿದರೆ ಪುಡಿ ಕಿತ್ತುಬಂದು, ಅದರ ಜೊತೆ ಸಂಗೀತವೂ ಕಿತ್ತುಬರುತ್ತದೆ. ಇದಕ್ಕೆ ಮದ್ದು ವಿಚಿತ್ರ. ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ, ಬಿಸಿಲಿಗೆ ಹಪ್ಪಳ ಒಣಗಿಸಿದಂತೆ! ತೇವ ಹೋಗಿ ಅಂಟು ಕೆಲವು ದಿನ, ಕೆಲವು ವಾರ ಗಟ್ಟಿಯಾಗುತ್ತದೆ. ಆ ಬಿಡುವಿನಲ್ಲಿ ಧ್ವನಿಯನ್ನು ಕಂಪ್ಯೂಟರಿಗೆ ವರ್ಗಾಯಿಸಿಕೊಳ್ಳಬೇಕು.

ವರ್ಗಾಯಿಸುವಾಗ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ. ಸಿ.ಡಿ.ಯಲ್ಲಿ ಇದು ಸೆಕೆಂಡಿಗೆ 44,100 ಸಲ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು, ಅಳತೆಗಳು ಅದರ ಎರಡರಷ್ಟಕ್ಕಿಂತ ಹೆಚ್ಚಿರಬೇಕೆಂಬುದು ನಿಯಮ. ಒಂದೊಂದು ಅಳತೆಗೂ ಸಿ.ಡಿ.ಯಲ್ಲಿ 16 ಬಿಟ್ಟುಗಳು, ಇತ್ತೀಚಿನ ಯಂತ್ರಗಳಲ್ಲಿ 24. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ ಲೆಕ್ಕ ಹಾಕಿದರೆ ಅತಿ ಮೆಲುದನಿಗೂ ಅತಿ ಜೋರಿಗೂ ನಡುವಣ ಅಂತರ 16 ಬಿಟ್ಟಿನಲ್ಲಿ 96 ಡೆಸಿಬೆಲ್, 24ರಲ್ಲಿ 144. ಆದರೆ ಒಳ್ಳೆಯ ಟೇಪಿನಲ್ಲೇ ಈ ಅಂತರ ಮಾಮೂಲಾಗಿ 60-70 ಡೆಸಿಬೆಲ್ ಮಾತ್ರ. ಪಾತ್ರೆ ದೊಡ್ಡದು ತಂದ ಮಾತ್ರಕ್ಕೆ ಹಸು ಹೆಚ್ಚು ಹಾಲು ಕೊಡುತ್ತದೆಯೇ? '24 ಬಿಟ್' ಎಂದು ಲಕೋಟೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡಾಗ ಇದು ನೆನಪಿರಲಿ. ಪಾತ್ರೆ ದೊಡ್ಡದಿದ್ದರೆ ಕಲಸುವಾಗ ಚೆಲ್ಲುವುದಿಲ್ಲ ಎಂಬ ಲಾಭವಂತೂ ನಿಜ.

ಇನ್ನು ತೊಳೆಯುವ ಕೆಲಸ. 'ಸ್ಸ್' ಸದ್ದಿಗೆ ಈಗಿನ ಉಪಾಯ ಹೀಗಿದೆ: ಹಾಡು ಶುರುವಾಗುವ ಮುಂಚಿನ ಅರೆಕ್ಷಣದಲ್ಲಿ ಟೇಪಿನ ಸದ್ದು ಮಾತ್ರ ಇರುತ್ತದೆ. ಕಂಪ್ಯೂಟರು ಅದರ ಚಹರೆಯನ್ನು ಗುರುತಿಟ್ಟುಕೊಂಡು ಇಡೀ ಹಾಡಿನಿಂದ ಅದನ್ನು ಕಳೆಯುತ್ತದೆ. ಸ್ವಲ್ಪ ಕಳೆದರೆ ಚೆನ್ನ. ಆಸೆಬಿದ್ದು ಪೂರ್ತಿ ಕಳೆಯಹೋದರೆ ಡ್ರಮ್ಮಿನವನ ಕಂಚಿನ ತಾಳಗಳ ಝಣತ್ಕಾರವೂ ಕೊಚ್ಚಿಹೋಗುತ್ತದೆ. ಏಕೆಂದರೆ ಎರಡೂ ಇರುವುದು ಒಂದೇ ಎತ್ತರದ ಕಂಪನಗಳಲ್ಲಿ. ಉಳಿದ ಸಂಗೀತ ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಕಛೇರಿಯ ಟೇಪಿನಲ್ಲಂತೂ ಹಾಡುಗಳ ನಡುವೆ ಚಪ್ಪಾಳೆ, ಕೂಗು ತುಂಬಿರುವುದರಿಂದ ಟೇಪಿನ ಸದ್ದು ಒಂಟಿಯಾಗಿ ಸಿಗುವ ಆ ಅರೆಕ್ಷಣವೇ ಅಪರೂಪ.

'ಗುಂಯ್' ಎಂಬ ವಿದ್ಯುತ್ತಿನ ಸದ್ದಿನದು ಇನ್ನೊಂದು ಕಥೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಿದರೆ ಅಮೆರಿಕದ್ದು 60 ಸಲ. ಗಿಟಾರಿನ ಸುರುಳಿ ತಂತಿಯ ಕಂಪನದ ಜೊತೆಗೆ ಕೊಠಡಿಯ ದೀಪ, ಟ್ರಾನ್ಸ್‌ಫಾರ್ಮರುಗಳ ಈ ತೂಗಾಟವನ್ನೂ ಹಿಡಿಯುತ್ತದೆ. 1950ರ ದಶಕದ ನಡುವಿನಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೊಂದು ಸುಂದರ ಪರಿಹಾರ ಕಂಡುಹಿಡಿದರು. ಒಂದರ ಬದಲು ಎರಡು ಸುರುಳಿಗಳು, ಸುತ್ತಿದ ದಿಕ್ಕೂ ಅಯಸ್ಕಾಂತದ ಧ್ರುವವೂ ಒಂದಕ್ಕೊಂದು ವಿರುದ್ಧ. ಹೊರಗಿನಿಂದ ಬಂದ ಗುಂಯ್ ಸದ್ದು ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣವಾಗಿ ಸೊನ್ನೆಯಾಗುತ್ತದೆ. ತಂತಿಯ ಧ್ವನಿಗಾದರೋ ಎರಡು ಋಣ ಸೇರಿ ಧನವಾದಂತೆ ಎರಡೂ ಕೂಡಿಕೊಳ್ಳುತ್ತವೆ. ರ್‍ಯಾಂಡಿ ಬಾರಿಸುತ್ತಿದ್ದ ಕೆನೆಬಣ್ಣದ ಗಿಬ್ಸನ್ ಲೆಸ್ ಪಾಲ್ ಗಿಟಾರಿನಲ್ಲಿ ಇಂಥ ಜೋಡಿ ಸುರುಳಿಗಳೇ ಇದ್ದವು.

ಅಷ್ಟಾದರೂ ವೇದಿಕೆಯ ಇತರ ತಂತಿಗಳಿಂದ ಗುಂಯ್ ನುಸುಳುವುದುಂಟು. 60 ಹರ್ಟ್ಸನ್ನೇ ಗುರಿಯಿಟ್ಟು ಕತ್ತರಿಸಿದರಾಯಿತಲ್ಲ ಎಂದರೆ, ಬೇಸ್ ಗಿಟಾರಿನ ಒಂದು ಸ್ವರ ಇರುವುದು 61.7 ಹರ್ಟ್ಸ್‌ನಲ್ಲಿ. ಕತ್ತರಿ ಕೊಂಚ ಅಗಲವಾದರೂ ಆ ಸ್ವರ ಬಂದಾಗಲೆಲ್ಲ ಬೇಸ್ ಗಿಟಾರು ಸೊರಗುತ್ತದೆ. ಎಳ್ಳು ಆರಿಸುವಾಗ ಕಲ್ಲಿನ ಜೊತೆ ಎಳ್ಳೂ ಹೋದ ಹಾಗೆ.

ಕಛೇರಿಯನ್ನು ಮುದ್ರಿಸುವಾಗ ಒಂದೊಂದು ವಾದ್ಯಕ್ಕೂ ಒಂದೊಂದು ಮೈಕಿಟ್ಟು, ಅಗಲ ಟೇಪಿನ ಮೇಲೆ ಬೇರೆ ಬೇರೆ ಸಾಲುಗಳಲ್ಲಿ ಬರೆದುಕೊಳ್ಳುವುದು ವಾಡಿಕೆ. ಆಗಿನ ಯಂತ್ರಗಳಲ್ಲಿ ಇಂಥ 24 ಸಾಲುಗಳಿರುತ್ತಿದ್ದವು. ಆಮೇಲೆ ಬೇಕಾದ ಪ್ರಮಾಣದಲ್ಲಿ ಕೂಡಿಸಿ ಎರಡು ಸ್ಪೀಕರುಗಳಿಗೆ ಹೊಂದುವ ಎರಡು ಸಾಲು ಮಾಡುತ್ತಾರೆ. ಹಳೆಯ ಮುದ್ರಿಕೆಯನ್ನು ಸುಧಾರಿಸುವವರು ಈ ಕೂಡಿಸಿದ ಎರಡು ಸಾಲನ್ನು ಇಟ್ಟುಕೊಂಡು ಕೆಲಸ ಮಾಡಿದರೆ ಅದು ರೀಮಾಸ್ಟರ್. 24 ಸಾಲಿಗೇ ಹಿಂದಿರುಗಿ ಹೊಸದಾಗಿ ಕೂಡಿಸಿದರೆ ರೀಮಿಕ್ಸ್. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಡಿಗೆ ಮನೆಯಲ್ಲಿ ಕೇಳಿ. ಬೇಳೆ, ತರಕಾರಿ, ಹುಳಿ ಬೇರೆ ಬೇರೆ ಪಾತ್ರೆಯಲ್ಲಿರುವಾಗ ಏನು ಬೇಕಾದರೂ ಮಾಡಬಹುದು. ಸಾರು ಕುದಿದ ಮೇಲೆ ಉಪ್ಪು ಹೆಚ್ಚಾಯಿತೆಂದು ತೆಗೆಯಲು ಬರುವುದಿಲ್ಲ.

ಬೇರೆ ಬೇರೆ ಪಾತ್ರೆ ಎಂಬುದೂ ಕಛೇರಿಯಲ್ಲಿ ಅರ್ಧ ಸತ್ಯ. ಗಾಯಕನ ಮೈಕಿಗೆ ಹಿಂದಿನ ಡ್ರಮ್ಮೂ ಕೇಳಿಸುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಡ್ರಮ್ಮು 3.4 ಮೀಟರ್ ದೂರದಲ್ಲಿದ್ದರೆ ಅದರ ಸದ್ದು ಗಾಯಕನ ಮೈಕನ್ನು ಸೆಕೆಂಡಿನ ನೂರನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಡ್ರಮ್ಮಿನ ಸ್ವಂತ ಮೈಕಿನ ಸಾಲಿಗೆ ಈ ತಡವಾದ ಸದ್ದು ಸೇರಿದಾಗ 50, 150, 250 ಹರ್ಟ್ಸ್‌ಗಳಲ್ಲಿ ಅಲೆಗಳು ಒಂದನ್ನೊಂದು ಕುಗ್ಗಿಸುತ್ತವೆ, 100, 200ರಲ್ಲಿ ಹಿಗ್ಗಿಸುತ್ತವೆ. ಬಾರಿಸಿದವನ ತಪ್ಪೇನೂ ಇಲ್ಲದೆ ಡ್ರಮ್ಮು ಪೊಳ್ಳಾಗಿ ಕೇಳುತ್ತದೆ. ಕಂಪ್ಯೂಟರಿನಲ್ಲಿ ಒಂದು ಸಾಲನ್ನು ಸೆಕೆಂಡಿನ ನೂರನೇ ಒಂದು ಭಾಗ ಸರಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಇದು ನಿಜವಾದ ಸುಧಾರಣೆ. ಹೊಸದೇನನ್ನೂ ತಂದು ಸೇರಿಸಿಲ್ಲ, ಇದ್ದದ್ದನ್ನೇ ಜಾಗಕ್ಕೆ ಕೂರಿಸಿದೆ.

ಇದರ ಪಕ್ಕದಲ್ಲೇ ಒಂದು ಸುಲಭದ ಮೋಸವೂ ಇದೆ. ಅದೇ ಸಂಗೀತವನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಕಿವಿ 'ಇದೇ ಚೆನ್ನಾಗಿದೆ' ಎನ್ನುತ್ತದೆ. 1990ರ ದಶಕದಿಂದೀಚೆಗೆ ಬಹಳಷ್ಟು ಸಿ.ಡಿ.ಗಳನ್ನು ಹೀಗೆ ಜೋರು ಮಾಡುತ್ತ ಹೋದರು. ಎತ್ತರದ ಅಲೆಗಳನ್ನು ಅದುಮಿ, ತಗ್ಗಿನವನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ಡ್ರಮ್ಮಿನ ಪೆಟ್ಟಿಗೂ ಗಿಟಾರಿನ ಮೆಲುದನಿಗೂ ವ್ಯತ್ಯಾಸವಿಲ್ಲದಂತಾಗಿ ಕೇಳುವವನ ಕಿವಿ ಬೇಗ ದಣಿಯುತ್ತದೆ. ಮನೆಯಲ್ಲಿ ಒಂದೇ ಹಾಡಿನ ಹಳೆಯ, ಹೊಸ ಮುದ್ರಣಗಳೆರಡೂ ಇದ್ದರೆ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎರಡನ್ನೂ ಒಂದೇ ಜೋರಿಗೆ ಹೊಂದಿಸಿ, ಯಾವುದು ಯಾವುದೆಂದು ಹೇಳದೆ ಅಪ್ಪನಿಗೋ ಅಕ್ಕನಿಗೋ ಕೇಳಿಸಿ. ಉತ್ತರ ಕೆಲವೊಮ್ಮೆ ಲಕೋಟೆಯ ಮೇಲಿನ ಜಾಹೀರಾತಿಗೆ ತದ್ವಿರುದ್ಧವಾಗಿರುತ್ತದೆ.

ರ್‍ಯಾಂಡಿಯ ಮಟ್ಟಿಗೆ ಕಛೇರಿಯ ಟೇಪಿಗೇ ಏಕೆ ಇಷ್ಟು ಬೆಲೆ? ಸ್ಟುಡಿಯೋದಲ್ಲಿ ಆತ ತನ್ನ ಒಂಟಿ ವಾದನದ ಭಾಗವನ್ನು ಒಮ್ಮೆ ಬಾರಿಸಿ, ಅದರ ಮೇಲೆ ಅದನ್ನೇ ಮತ್ತೆ, ಮತ್ತೊಮ್ಮೆ, ಸ್ವರ ತಪ್ಪದೆ ಬಾರಿಸುತ್ತಿದ್ದ. ಮೂರೂ ಸೇರಿ ಕೇಳುವಾಗ ಒಂದೇ ದಪ್ಪ ಗಿಟಾರು. ಅಷ್ಟು ನಿಖರವಾಗಿ ಬಾರಿಸುವುದು ಸಾಮಾನ್ಯ ಸಾಧನೆಯಲ್ಲ. ಆದರೆ ವೇದಿಕೆಯ ಮೇಲೆ ಅವನೊಬ್ಬನೇ, ಗಿಟಾರೂ ಒಂದೇ. ಹಾಡಿನ ಆಧಾರವನ್ನೂ ಅಲಂಕಾರವನ್ನೂ ಎರಡೇ ಕೈಗಳಿಂದ ತುಂಬಬೇಕು. ಕ್ಲೀವ್‌ಲೆಂಡಿನಲ್ಲಿ ಬೇಸ್ ಗಿಟಾರಿನ ರೂಡಿ ಸಾರ್ಜೊ, ಡ್ರಮ್ಮಿನ ಟಾಮಿ ಆಲ್ಡ್ರಿಜ್ ಜೊತೆಗೆ ಆತ ಅದನ್ನು ಹೇಗೆ ನಿಭಾಯಿಸಿದ ಎಂಬುದು ಟೇಪಿನಲ್ಲಿ ಉಳಿದಿದೆ. ಒಂದೆರಡು ಕಡೆ ಸ್ವರ ಜಾರುವುದೂ ಸೇರಿ.

ಹಾಗಾದರೆ ಜಾರಿದ ಸ್ವರವನ್ನು ತಿದ್ದಬಹುದೆ? ಯಂತ್ರಕ್ಕೆ ಅದೇನೂ ಕಷ್ಟವಲ್ಲ. ಇಲ್ಲಿ 2002ರ ಒಂದು ಘಟನೆಯನ್ನು ಹೇಳಲೇಬೇಕು. ಅದು ಕಛೇರಿಯ ಮುದ್ರಿಕೆಯಲ್ಲ, ಮೇಲೆ ಹೇಳಿದ ಎರಡು ಸ್ಟುಡಿಯೋ ಮುದ್ರಿಕೆಗಳದ್ದು. ಅವುಗಳಲ್ಲಿ ಬೇಸ್ ಗಿಟಾರು ಬಾರಿಸಿದ್ದ ಬಾಬ್ ಡೇಸ್ಲಿ, ಡ್ರಮ್ ಬಾರಿಸಿದ್ದ ಲೀ ಕರ್ಸ್ಲೇಕ್ ತಮಗೆ ಬರಬೇಕಾದ ಗೌರವಧನಕ್ಕಾಗಿ ಓಜಿ ಕಡೆಯವರ ಮೇಲೆ ದಾವೆ ಹೂಡಿದ್ದರು. ಆ ವರ್ಷ ಹೊರಬಂದ ಹೊಸ ಆವೃತ್ತಿಯಲ್ಲಿ ಇವರಿಬ್ಬರ ಸಾಲುಗಳನ್ನೇ ತೆಗೆದುಹಾಕಿ, ರಾಬರ್ಟ್ ಟ್ರುಹಿಯೊ ಮತ್ತು ಮೈಕ್ ಬಾರ್ಡಿನ್ ಎಂಬ ಬೇರೆ ಇಬ್ಬರಿಂದ ಹೊಸದಾಗಿ ಬಾರಿಸಿ ಸೇರಿಸಲಾಗಿತ್ತು. ಸತ್ತು 20 ವರ್ಷವಾಗಿದ್ದ ರ್‍ಯಾಂಡಿ, ತಾನೆಂದೂ ಜೊತೆಯಲ್ಲಿ ಬಾರಿಸದವರ ತಾಳಕ್ಕೆ ಬಾರಿಸುವಂತಾಯಿತು! ಹೊಸಬರೂ ನುರಿತವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪಕ್ಕವಾದ್ಯ ಎನ್ನುವುದು ಒಬ್ಬರ ಕೈ ನೋಡಿ ಇನ್ನೊಬ್ಬರ ಕೈ ಆಡುವಂಥದ್ದು. ಹಾಡಿನಲ್ಲಿ ಡ್ರಮ್ಮಿನವನು ಕೂದಲೆಳೆಯಷ್ಟು ಹಿಂದೆ ಬಿದ್ದರೆ ಗಿಟಾರಿನವನು ಕಾಯುತ್ತಾನೆ. ಆ ಕಾಯುವಿಕೆ ಟೇಪಿನಲ್ಲಿ ಉಳಿದು, ಯಾರಿಗಾಗಿ ಕಾದನೋ ಅವನನ್ನೇ ಅಳಿಸಿಬಿಟ್ಟರೆ? ಕೇಳುಗರು ಸಿಟ್ಟಾದದ್ದು ಸಹಜ. 2011ರಲ್ಲಿ, 30 ವರ್ಷದ ನೆನಪಿನ ಆವೃತ್ತಿ ತಂದಾಗ ಮೂಲದ ಸಾಲುಗಳನ್ನೇ ಮರಳಿ ಕೂರಿಸಿದರು. ಕರ್ಸ್ಲೇಕ್ ಅದನ್ನು ನೋಡಲು ಬದುಕಿದ್ದರು. ಅವರು ತೀರಿಕೊಂಡದ್ದು 2020ರಲ್ಲಿ. ಅದೇ 2011ರ 'ಡೈರಿ'ಯ ಜೊತೆಗೆ 1981ರ ಪ್ರವಾಸದ, ಅದುವರೆಗೆ ಹೊರಬಾರದಿದ್ದ ಕಛೇರಿ ಮುದ್ರಣವೂ ಒಂದು ಪ್ರತ್ಯೇಕ ಸಿ.ಡಿ.ಯಾಗಿ ಬಂತು.

ಈಚಿನ ಕಂಪ್ಯೂಟರು ತಂತ್ರಗಳು ಕುದಿದ ಸಾರಿನಿಂದ ಉಪ್ಪನ್ನೂ ತೆಗೆಯುವ ಮಟ್ಟಕ್ಕೆ ಬಂದಿವೆ. 2023ರಲ್ಲಿ ಬೀಟಲ್ಸ್ ತಂಡದ ಹೊಸ ಹಾಡೊಂದು ಹೊರಬಂದದ್ದು ಕೆಲವರಿಗೆ ನೆನಪಿರಬಹುದು. ಜಾನ್ ಲೆನನ್ ಮನೆಯಲ್ಲಿ ಪಿಯಾನೊ ನುಡಿಸುತ್ತ ಹಾಡಿಕೊಂಡ ಹಳೆಯ ಕ್ಯಾಸೆಟ್ಟಿನಿಂದ ಅವನ ಕಂಠವನ್ನಷ್ಟೇ ಬೇರ್ಪಡಿಸಿ ತೆಗೆದಿದ್ದರು. ಸಾವಿರಾರು ಕಂಠ, ವಾದ್ಯಗಳ ಉದಾಹರಣೆ ಕೇಳಿಸಿ ಪಳಗಿಸಿದ ಕಂಪ್ಯೂಟರು, ಕಲಸಿಹೋದ ಅಲೆಯಲ್ಲಿ ಯಾವ ಭಾಗ ಯಾರದೆಂದು ಅಂದಾಜು ಮಾಡುತ್ತದೆ. ಅಂದಾಜು ಎಂಬ ಮಾತು ಇಲ್ಲಿ ಮುಖ್ಯ. ಟೇಪಿನಲ್ಲಿ ಇದ್ದದ್ದನ್ನು ಅದು ಬೇರ್ಪಡಿಸುವವರೆಗೆ ಸರಿ. ಚಪ್ಪಾಳೆಯಲ್ಲಿ ಪೂರ್ತಿ ಮುಳುಗಿದ ಗಿಟಾರಿನ ಸ್ವರವನ್ನು 'ಇಲ್ಲಿ ಹೀಗಿದ್ದಿರಬೇಕು' ಎಂದು ಅದು ತುಂಬಿಕೊಟ್ಟರೆ, ಆ ಸ್ವರ ರ್‍ಯಾಂಡಿಯದಲ್ಲ, ಕಂಪ್ಯೂಟರಿನದು. ಮೇಲೆ ಹೆಸರು ಮಾತ್ರ ಅವನದು. ಕೊಳ್ಳುವವರಿಗೆ ಇದನ್ನು ಲಕೋಟೆಯ ಮೇಲೆ ಬರೆದು ತಿಳಿಸುವುದು ನ್ಯಾಯ.

ರ್‍ಯಾಂಡಿಯ ತಾಯಿ ಡೆಲೋರಿಸ್ ರೋಡ್ಸ್ ಕ್ಯಾಲಿಫೋರ್ನಿಯಾದ ನಾರ್ತ್ ಹಾಲಿವುಡ್‌ನಲ್ಲಿ 'ಮ್ಯೂಸೋನಿಯಾ' ಎಂಬ ಸಂಗೀತ ಶಾಲೆ ನಡೆಸುತ್ತಿದ್ದ ಶಿಕ್ಷಕಿ. ಮೂವರು ಮಕ್ಕಳಲ್ಲಿ ಕಿರಿಯನಾದ ರ್‍ಯಾಂಡಿ ಅಲ್ಲೇ ಕಲಿತು, ಅಲ್ಲೇ ಚಿಕ್ಕವರಿಗೆ ಗಿಟಾರು ಹೇಳಿಕೊಟ್ಟ. ಹೆಸರು ಬಂದ ಮೇಲೂ ಕಲಿಯುವ ಹಟ ಬಿಡಲಿಲ್ಲ. ಕಛೇರಿಗೆಂದು ಹೋದ ಊರುಗಳಲ್ಲಿ ಬಿಡುವು ಸಿಕ್ಕಾಗ ಶಾಸ್ತ್ರೀಯ ಗಿಟಾರಿನ ಶಿಕ್ಷಕರನ್ನು ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದ. ವಿಶ್ವವಿದ್ಯಾಲಯಕ್ಕೆ ಸೇರಿ ಅದರಲ್ಲೇ ಪದವಿ ಪಡೆಯಬೇಕೆಂಬ ಆಸೆಯೂ ಇತ್ತು. ತಾಯಿಯ ಹೆಸರಿನಿಂದ 'ಡೀ' ಎಂದು ಕರೆದು ಆತ ರಚಿಸಿದ ಒಂದು ಪುಟ್ಟ ಕೃತಿ ಮೊದಲ ಮುದ್ರಿಕೆಯಲ್ಲಿದೆ. ಅದರಲ್ಲಿ ವಿದ್ಯುತ್ತೂ ಇಲ್ಲ, ಡ್ರಮ್ಮೂ ಇಲ್ಲ. ಒಂದು ನಿಮಿಷವೂ ಹಿಡಿಯುವುದಿಲ್ಲ.

'ಟ್ರಿಬ್ಯೂಟ್' ಮುದ್ರಿಕೆಯ ಕೊನೆಯಲ್ಲಿ, ಕಛೇರಿಯ ಅಬ್ಬರವೆಲ್ಲ ಮುಗಿದ ಮೇಲೆ, ಇದೇ 'ಡೀ' ಮತ್ತೆ ಬರುತ್ತದೆ. ಈ ಸಲ ನಾಲ್ಕು ನಿಮಿಷಕ್ಕೂ ಹೆಚ್ಚು. ಅದು ಸ್ಟುಡಿಯೋದಲ್ಲಿ ಅಭ್ಯಾಸ ಮಾಡುವಾಗಿನ ಟೇಪು. ರ್‍ಯಾಂಡಿ ಶುರು ಮಾಡುತ್ತಾನೆ, ಎಡವುತ್ತಾನೆ, ನಿಲ್ಲಿಸುತ್ತಾನೆ, ಮುದ್ರಿಸುವವರೊಡನೆ ಏನೋ ಮಾತಾಡುತ್ತಾನೆ, ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ಈ ಎಡವಿದ್ದನ್ನೆಲ್ಲ ಕತ್ತರಿಸಿ ಒಂದು ನಿಮಿಷದ ಚೊಕ್ಕ ಕೃತಿ ಮಾಡುವುದು 1987ರಲ್ಲೂ ಕಷ್ಟವಿರಲಿಲ್ಲ, ಒಂದು ಬ್ಲೇಡು, ಅಂಟುಪಟ್ಟಿ ಇದ್ದರೆ ಸಾಕಿತ್ತು. ಯಾರೂ ಕತ್ತರಿಸಲಿಲ್ಲ. ಡೆಲೋರಿಸ್ 2015ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದುವರೆಗೂ ಮಗನ ಮಾತಿನ ಧ್ವನಿ ಕೇಳಬೇಕೆನಿಸಿದರೆ ಅವರಿಗೆ ಆ ನಾಲ್ಕು ನಿಮಿಷಗಳಿದ್ದವು.